ಹದಿನೈದರ ಜಾಗದಲ್ಲಿ ಮೂವತ್ತು

ಮೇಷ್ಟ್ರು ಮೂವತ್ತೊಂದು ವರ್ಷ ಒಂದು ತರಬೇತಿ ಶಾಲೆಯಲ್ಲಿ ವೈರಿಂಗ್ ಪಾಠ ಹೇಳಿದವರು. ಬೀದಿಯಲ್ಲಿ ಯಾರ ಮನೆಯ ದೀಪ ಮಿಣುಕಿದರೂ ಮೊದಲು ಅವರಿಗೇ ಫೋನ್ ಬರುತ್ತಿತ್ತು. ಹೋಗುತ್ತಿದ್ದರು, ಸರಿಮಾಡುತ್ತಿದ್ದರು, ಆಮೇಲೆ ಆ ಮನೆಯವರನ್ನೆಲ್ಲ ಕೂರಿಸಿಕೊಂಡು ತಪ್ಪು ಎಲ್ಲಿತ್ತು, ಯಾರಿಂದ ಆಯಿತು ಎಂದು ಅರ್ಧ ಗಂಟೆ ವಿವರಿಸುತ್ತಿದ್ದರು. ದೀಪ ಹತ್ತಿದ ಖುಷಿಯೆಲ್ಲ ಆ ಅರ್ಧ ಗಂಟೆಯಲ್ಲಿ ಇಳಿದುಹೋಗುತ್ತದೆ ಎಂದು ಅವರ ಹೆಂಡತಿ ನಗುತ್ತಿದ್ದಳು.

ನಿವೃತ್ತರಾದ ವರ್ಷವೇ ಅವರು ಒಂದು ಹಳೆಯ ಮೋಟರ್ ಹೋಮ್ ಕೊಂಡರು. ಆಂಬುಲೆನ್ಸ್ ಓಡಿಸುತ್ತಿದ್ದ ಒಬ್ಬ ಡ್ರೈವರ್ ಹನ್ನೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದ ಗಾಡಿ ಅದು. ಮುಂದೆ ಮೂರು ಸೀಟು, ನಡುವೆ ಒಲೆ, ಸಿಂಕು, ಮಡಚುವ ಮೇಜು, ಬಾಗಿಲ ಪಕ್ಕದಲ್ಲಿ ಒಬ್ಬರು ಮೈ ತಿರುಗಿಸುವಷ್ಟು ಬಚ್ಚಲು, ಹಿಂದೆ ಒಂದು ಜೋಡಿ ಮಂಚ, ಎಡಗೋಡೆಗೆ ಒತ್ತಿಕೊಂಡಂತೆ ಒಂದು ಕಿರುಮಂಚ. ಮನೆಯವರೆಲ್ಲ ಅದನ್ನು ಮನೆಗಾಡಿ ಎಂದು ಕರೆದರು. ಮೇಷ್ಟ್ರು ಒಳಗಿನ ದೀಪ, ಫ್ಯಾನು, ನೀರಿನ ಪಂಪುಗಳನ್ನೆಲ್ಲ ತಾವೇ ಒಂದು ಸುತ್ತು ನೋಡಿ, ಅಲ್ಲಲ್ಲಿ ತಮ್ಮ ಕೈಚಳಕವನ್ನೂ ಸೇರಿಸಿದರು.

ಕಿರುಮಂಚ ಅತ್ತೆಯದು. ಅತ್ತೆ ಎಂದರೆ ಹೆಂಡತಿಯ ತಾಯಿ, ಎಂಬತ್ತೊಂದು ವರ್ಷದವರು. ಬಟ್ಟೆಯ ಗಿರಣಿಯಲ್ಲಿ, ದೀಪದ ಮೇಜಿನ ಮೇಲೆ ಹಾದುಹೋಗುವ ಬಟ್ಟೆಯಲ್ಲಿ ಎಲ್ಲಿ ಎಳೆ ತಪ್ಪಿದೆ ಎಂದು ನೋಡಿ ಗುರುತು ಹಾಕುವ ಕೆಲಸದಲ್ಲಿ ಆಯುಷ್ಯ ಕಳೆದವರು. ಹನ್ನೊಂದು ವರ್ಷದಿಂದ ಹಿರಿಯ ಮಗಳ ಮನೆಯಲ್ಲಿದ್ದರು. ಮಾತು ಕಡಿಮೆ, ಅಳಿಯನ ಎದುರಿಗಂತೂ ಇನ್ನೂ ಕಡಿಮೆ. ಟಿವಿ ನೋಡುತ್ತಿದ್ದಾಗ ಅಳಿಯ ಬಂದರೆ ರಿಮೋಟನ್ನು ಕೇಳದೆಯೇ ಮುಂದೆ ಸರಿಸುವವರು.

ಹೊರಡುವ ಹಿಂದಿನ ದಿನ, ಹೆಂಡತಿ ಪೇಟೆಗೆ ಹೋಗಿದ್ದಾಗ, ಮೇಷ್ಟ್ರು ಅತ್ತೆಯ ಮಂಚದ ತಲೆಯ ಬದಿಗೆ ಒಂದು ಕೊಕ್ಕೆ ಹಾಕಿಕೊಟ್ಟರು, ಚೀಲ ನೇತುಹಾಕಿಕೊಳ್ಳಲಿ ಎಂದು. ಅತ್ತೆ ಅಂಗೈಯಲ್ಲಿ ಸ್ಕ್ರೂ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಎರಡು ಗಿಡ್ಡ ಸ್ಕ್ರೂಗಳಲ್ಲಿ ಒಂದು ಜಾರಿ ಮಂಚದಡಿ ಎಲ್ಲೋ ಉರುಳಿಹೋಯಿತು. ಬಗ್ಗಿ ಹುಡುಕುವವರು ಯಾರು? ಮೇಷ್ಟ್ರು ಡಬ್ಬಿಯಿಂದ ಒಂದು ಉದ್ದದ ಸ್ಕ್ರೂ ತೆಗೆದರು.

"ಇದು ಉದ್ದ ಆಗಲ್ವಾ ಅಳಿಯಂದ್ರೇ?" ಎಂದರು ಅತ್ತೆ.

"ಉದ್ದ ಇದ್ದಷ್ಟೂ ಗಟ್ಟಿ ಅತ್ತೆ," ಎಂದು ಮೇಷ್ಟ್ರು ಅದನ್ನು ಕೊನೆಯವರೆಗೂ ತಿರುಗಿಸಿ ಕೂರಿಸಿದರು.

ಮೊದಲ ಎರಡು ದಿನ ಸುಖವಾಗಿಯೇ ಕಳೆಯಿತು. ಮೂರನೆಯ ದಿನ ಒಂದು ಕೆರೆಯ ಪಕ್ಕದ ಮೈದಾನಕ್ಕೆ ಬಂದರು. ಇಂಥ ಗಾಡಿಗಳೇ ಸಾಲಾಗಿ ನಿಲ್ಲುವ ಜಾಗ. ಪ್ರತಿ ಗಾಡಿಗೂ ಒಂದು ನಲ್ಲಿ, ಒಂದು ಕರೆಂಟಿನ ಕಂಬ, ಒಂದು ಸಿಮೆಂಟು ಮೇಜು. ಬಂದು ಅರ್ಧ ಗಂಟೆಯಾಗಿಲ್ಲ, ಗಾಡಿಯೊಳಗಿನ ದೀಪ, ಫ್ಯಾನು, ಪಂಪು ಎಲ್ಲ ಒಟ್ಟಿಗೆ ನಿಂತವು. ಮೇಷ್ಟ್ರು ಫ್ಯೂಸಿನ ಪೆಟ್ಟಿಗೆ ತೆಗೆದು ನೋಡಿದರು. ಹದಿನೈದು ಆಂಪಿಯರಿನ ಫ್ಯೂಸ್ ಹೋಗಿತ್ತು. ಹೊಸದು ಹಾಕಿದರು, ಎಲ್ಲ ಬಂತು. ಸಂಜೆ ಮತ್ತೆ ಹೋಯಿತು. ಮರುದಿನ ಬೆಳಿಗ್ಗೆ ಇನ್ನೊಮ್ಮೆ.

ಪಂಪಿನ ತಂತಿ ಬಿಡಿಸಿ ನೋಡಿದರು, ಫ್ಯಾನು ಬಿಚ್ಚಿ ನೋಡಿದರು, ಮೀಟರ್ ಹಿಡಿದು ಗಾಡಿಯ ಉದ್ದಕ್ಕೂ ತೆವಳಿದರು. ಎಲ್ಲವೂ ಸರಿಯಾಗಿತ್ತು. ಎಲ್ಲವೂ ಸರಿಯಾಗಿದ್ದೂ ಫ್ಯೂಸ್ ಹೋಗುವುದೆಂದರೆ ಮೇಷ್ಟ್ರ ಲೆಕ್ಕದಲ್ಲಿ ಒಂದೇ ಅರ್ಥ: ಯಾರೋ ಏನೋ ಮಾಡುತ್ತಿದ್ದಾರೆ. ಯೋಚಿಸಿದಾಗ ಹೊಳೆಯಿತು. ಮೂರು ಸಲವೂ ಒಳಗಿದ್ದವರು ಅತ್ತೆಯೊಬ್ಬರೇ.

ಅತ್ತೆಯ ಬಳಿ ಮಂಡಿಗೆ ಸುತ್ತಿಕೊಳ್ಳುವ ಒಂದು ಬಿಸಿಪಟ್ಟಿ ಇತ್ತು. ಮಂಚದ ಪಕ್ಕದ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿಕೊಂಡು ಕೂರುತ್ತಿದ್ದರು.

"ಕಳ್ಳ ಸಿಕ್ಕ," ಎಂದರು ಮೇಷ್ಟ್ರು. "ಅತ್ತೆ, ಇದು ಕರೆಂಟು ಕುಡಿಯೋ ಸಾಮಾನು. ಸ್ವಲ್ಪ ದಿನ ನನ್ನ ಹತ್ರ ಇರಲಿ."

"ಆಯ್ತಪ್ಪ," ಎಂದು ಅತ್ತೆ ಪಟ್ಟಿಯನ್ನು ಮಡಚಿ ಕೊಟ್ಟರು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅವರು ಮಂಡಿಗೆ ಒಂದು ಟವೆಲ್ ಸುತ್ತಿಕೊಂಡರು.

ಪಟ್ಟಿ ಬೀರುವಿಗೆ ಸೇರಿದ ಮೇಲೂ ಮಧ್ಯಾಹ್ನ ಫ್ಯೂಸ್ ಹೋಯಿತು.

ಮೇಷ್ಟ್ರಿಗೆ ಈಗ ಸಿಟ್ಟು ನೆತ್ತಿಗೇರಿತ್ತು. ಫ್ಯೂಸಿನ ಮೇಲಿನ ಸಿಟ್ಟು ಅದು, ಆದರೆ ಎದುರಿಗೆ ಕೂತಿದ್ದವರು ಅತ್ತೆ. ಅವರು ಕಿರುಮಂಚದ ಬಳಿ ಹೋಗಿ, ಪಾಠದ ಕೋಣೆಯಲ್ಲಿ ನಕಲು ಹಿಡಿಯುವಾಗಿನ ದನಿಯಲ್ಲಿ ಕೇಳಿದರು:

"ಅತ್ತೆ, ತಪ್ಪು ತಿಳ್ಕೋಬೇಡಿ. ಇಲ್ಲಿ ಇನ್ನೇನಾದ್ರೂ ಚುಚ್ಚಿದ್ರಾ?"

"ಇಲ್ಲಪ್ಪ."

"ಮರೆತಿರಬಹುದು. ಫೋನಿನ ಚಾರ್ಜರೋ, ಇನ್ನೊಂದೋ. ಚೀಲದಲ್ಲಿ ಏನಿದೆ?"

ಹೆಂಡತಿ ಒಲೆಯ ಕಡೆಯಿಂದ ತಿರುಗಿ, "ಏನ್ರೀ ಇದು," ಎಂದಳು. ಅಷ್ಟರಲ್ಲಿ ಅತ್ತೆ ಕೊಕ್ಕೆಯಿಂದ ಚೀಲ ಇಳಿಸಿ, ಜಿಪ್ ಎಳೆದು, ಮಂಚದ ಮೇಲೆ ಬೋರಲು ಹಾಕಿದ್ದರು. ಒಂದು ಲೀಟರಿನ ನೀರಿನ ಬಾಟಲಿ, ಮಾತ್ರೆಯ ಡಬ್ಬಿ, ಎರಡು ಉಣ್ಣೆಯ ಉಂಡೆ, ಅರ್ಧ ಹೆಣೆದ ಟೋಪಿ, ದಪ್ಪ ಕತ್ತರಿ, ಗಂಡನ ಹಳೆಯ ಕನ್ನಡಕ, ಒಗೆಯಬೇಕೆಂದು ಸುತ್ತಿಟ್ಟ ಒಳಬಟ್ಟೆ. ಅತ್ತೆ ಒಳಬಟ್ಟೆಯನ್ನು ಮಾತ್ರ ಟವೆಲ್ಲಿನ ಅಡಿಗೆ ಸರಿಸಿ, ಉಳಿದದ್ದನ್ನು ಸಾಲಾಗಿ ಜೋಡಿಸಿದರು.

"ಇಷ್ಟೇ ಅಳಿಯಂದ್ರೇ. ಇನ್ನೇನಾದ್ರೂ ನೋಡಬೇಕಾ?"

ಮೇಷ್ಟ್ರು ಕೆಮ್ಮಿ, "ಛೆ ಛೆ, ಹಾಗಲ್ಲ," ಎಂದು ಹೋಗಿ ಹೊಸ ಫ್ಯೂಸ್ ಹಾಕಿದರು, ದೀಪ ಬಂತು. ಅತ್ತೆ ಒಂದೊಂದಾಗಿ ಸಾಮಾನು ತುಂಬಿ ಚೀಲವನ್ನು ಮತ್ತೆ ಕೊಕ್ಕೆಗೆ ಹಾಕಿದರು. ಟಪ್ ಎಂದು ದೀಪ ಹೋಯಿತು.

ಅತ್ತೆ ಕೊಕ್ಕೆಯ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ನನಗೊಂದು ಅನ್ನಿಸುತ್ತೆ, ಹೇಳ್ಲಾ? ಈ ಚೀಲ ತುಂಬಿದ್ದಾಗ ನೇತುಹಾಕಿದ್ರೆ ಹೋಗುತ್ತೆ. ಬಾಟಲಿ ಹೊರಗಿದ್ದಾಗ ಹಾಕಿದ್ರೆ ಹೋಗಲ್ಲ. ನಿನ್ನೆಯಿಂದ ನೋಡ್ತಾ ಇದ್ದೀನಿ."

ಮೇಷ್ಟ್ರು ನಕ್ಕುಬಿಟ್ಟರು. "ಚೀಲಕ್ಕೂ ಕರೆಂಟಿಗೂ ಎಲ್ಲಿಯ ನಂಟು ಅತ್ತೆ! ನಾಳೆ ನೀವು ಸೀನಿದ್ರೆ ಟೈರು ಪಂಚರ್ ಆಗುತ್ತೆ ಅಂತೀರಾ?"

ಅತ್ತೆಯೂ ಸಣ್ಣಗೆ ನಕ್ಕರು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಪಕ್ಕದ ಗಾಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇಬ್ಬರು ಮೊಮ್ಮಕ್ಕಳ ಜೊತೆ ಬಂದಿದ್ದರು. ಸಂಜೆ ಅವರ ಮೇಜಿನ ಮೇಲೆ ಚಹಾ ಕುಡಿಯುತ್ತ, ಚೀಲದ ಕಥೆಯನ್ನು ಕೈಬಾಯಿ ಆಡಿಸಿ ಹೇಳಿದರು. "ನಮ್ಮತ್ತೆ ಚೀಲ ಎತ್ತಿದ್ರೆ ಸಾಕು, ಇಡೀ ಗಾಡಿ ಕತ್ತಲು!" ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊಮ್ಮಕ್ಕಳು ಆ ಕ್ಷಣದಿಂದ ಅತ್ತೆಗೆ ಫ್ಯೂಸಜ್ಜಿ ಎಂದು ಹೆಸರಿಟ್ಟವು. ಅತ್ತೆ ನಲ್ಲಿಯ ಬಳಿ ಹೋದರೆ, "ಫ್ಯೂಸಜ್ಜಿ ಬಂದ್ರು, ಓಡಿ ಓಡಿ," ಎಂದು ಕಿರುಚಿ ಓಡುತ್ತಿದ್ದವು. ಅತ್ತೆ ಅವಕ್ಕೆ ಕೈ ಬೀಸುತ್ತಿದ್ದರು.

ಮರುದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಬಚ್ಚಲಲ್ಲಿದ್ದಳು. ತಲೆತುಂಬ ನೊರೆ ಮಾಡಿಕೊಂಡಾಗಲೇ ಪಂಪು ನಿಂತಿತು. "ರೀ! ಕಣ್ಣು ಉರೀತಿದೆ! ಏನಾದ್ರೂ ಮಾಡ್ರೀ!" ಎಂದು ಒಳಗಿನಿಂದ ಬಾಗಿಲು ಬಡಿದಳು. ಮೇಷ್ಟ್ರು ಪೆಟ್ಟಿಗೆ ತೆಗೆದರು. ಹದಿನೈದರ ಫ್ಯೂಸುಗಳೆಲ್ಲ ಮುಗಿದಿದ್ದವು. ಡಬ್ಬಿಯ ಮೂಲೆಯಲ್ಲಿ ಮೂವತ್ತು ಆಂಪಿಯರಿನದೊಂದು ಹಸಿರು ಬಣ್ಣದ ಫ್ಯೂಸ್ ಬಿದ್ದಿತ್ತು.

ಸಣ್ಣ ಫ್ಯೂಸಿನ ಜಾಗದಲ್ಲಿ ದೊಡ್ಡದು ಹಾಕಬಾರದು. ಹಾಕಿದರೆ ಫ್ಯೂಸ್ ಸುಡುವ ಬದಲು ತಂತಿ ಸುಡುತ್ತದೆ. ಮೇಷ್ಟ್ರು ಇದನ್ನು ಮೂವತ್ತೊಂದು ವರ್ಷ, ಪ್ರತಿ ವರ್ಷದ ಮೊದಲ ವಾರ ಹೇಳಿದ್ದರು. ಹಾಗೆ ಮಾಡಿದ ಒಬ್ಬ ವಿದ್ಯಾರ್ಥಿಯನ್ನು ಎರಡು ದಿನ ತರಗತಿಯ ಹೊರಗೆ ನಿಲ್ಲಿಸಿದ್ದರು. ಈಗ ಅವರು ಹಸಿರು ಫ್ಯೂಸನ್ನು ಬೆರಳುಗಳ ನಡುವೆ ಹಿಡಿದು ಒಂದು ಗಳಿಗೆ ಯೋಚಿಸಿದರು. ಇವಳ ಸ್ನಾನ ಮುಗಿಯಲಿ. ಮಧ್ಯಾಹ್ನ ಪೇಟೆಗೆ ಹೋಗಿ ಹದಿನೈದರದು ತಂದು ಬದಲಿಸಿದರಾಯಿತು. ಹಾಕಿದರು. ಪಂಪು ಗುರ್ ಎಂದಿತು. ಆಮೇಲೆ ಇಡೀ ಬೆಳಿಗ್ಗೆ ಒಂದು ಸಲವೂ ಫ್ಯೂಸ್ ಹೋಗಲಿಲ್ಲ. ಪೇಟೆಗೆ ಹೋಗುವ ಮಾತು ಅವರ ತಲೆಯಿಂದಲೇ ಹಾರಿಹೋಯಿತು.

ಊಟವಾದ ಮೇಲೆ ಅತ್ತೆ ಚೀಲ ನೇತುಹಾಕಿ ಮಲಗಿದರು. ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಡಾಕ್ಟರ ಗಾಡಿಯ ನೆರಳಿನಲ್ಲಿ ಕೂತಿದ್ದರು. ಡಾಕ್ಟರು ತಮ್ಮ ಗಾಡಿಯ ಬ್ಯಾಟರಿಯ ಬಗ್ಗೆ ಏನೋ ಕೇಳಿದ್ದರು, ಮೇಷ್ಟ್ರು ಉತ್ತರಿಸಲು ಶುರುಮಾಡಿ ಕಾಲು ಗಂಟೆಯಾಗಿತ್ತು. ಆಗ ಮನೆಗಾಡಿಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಕೆಮ್ಮುತ್ತಿದ್ದರು. ಎಡಗೈ ಚೌಕಟ್ಟಿನ ಮೇಲಿತ್ತು, ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದರು.

"ಅಳಿಯಂದ್ರೇ," ಎಂದರು, ನೆರೆಮನೆಯವರನ್ನು ಊಟಕ್ಕೆ ಕರೆಯುವ ದನಿಯಲ್ಲಿ. "ಗೋಡೆ ಸುಡ್ತಾ ಇದೆ."

ಅವರ ಹಿಂದಿನಿಂದ ಬೂದು ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು.

ಎದ್ದು ಓಡಿದವಳು ಹೆಂಡತಿ. ತಾಯಿಯನ್ನು ತಬ್ಬಿಕೊಂಡೇ ಮೆಟ್ಟಿಲಿಳಿಸಿದಳು. ಅಷ್ಟರಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಇನ್ನೊಬ್ಬಳು ಹೆಂಗಸು ಓಡಿಬಂದಳು. ಮೈದಾನದ ಕರೆಂಟು, ನೀರು ನೋಡಿಕೊಳ್ಳುವವಳು. ಎಲ್ಲರೂ ಕರೆಂಟಕ್ಕ ಎನ್ನುತ್ತಿದ್ದರು. ಅವಳು ಮೂಗಿಗೆ ಬಟ್ಟೆ ಕಟ್ಟಿ ಒಳಗೆ ನುಗ್ಗಿ, ಮೊದಲು ಬ್ಯಾಟರಿಯ ತಂತಿ ಬಿಡಿಸಿ, ಆಮೇಲೆ ಹೊಗೆ ಬರುತ್ತಿದ್ದ ಹಲಗೆಯ ಸಂದಿಗೆ ಸಿಲಿಂಡರ್ ಹಿಡಿದಳು. ಐದೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಗೋಡೆಯ ಮೇಲೆ, ದಿಂಬಿಗೆ ಒಂದು ಗೇಣು ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ ಕಪ್ಪಾಗಿತ್ತು.

"ಅಜ್ಜಿಗೆ ಬುದ್ಧಿ ಇತ್ತು, ಬಚಾವಾದ್ರು," ಎಂದಳು ಕರೆಂಟಕ್ಕ ಹೊರಗೆ ಬಂದು. "ಎದ್ದ ತಕ್ಷಣ ಚೀಲ ಕಿತ್ತು ಬಿಸಾಕಿದಾರೆ. ಇಲ್ಲಾಂದ್ರೆ ಹಾಸಿಗೆಗೆ ಹಿಡಿದಿರೋದು."

ಚೀಲ ಕೀಳುವಾಗ ಕೊಕ್ಕೆ ಕಾದು ಕೆಂಡದಂತಾಗಿತ್ತು. ಅತ್ತೆಯ ಬಲ ಅಂಗೈಯಲ್ಲಿ ಕೊಕ್ಕೆಯ ಆಕಾರದಲ್ಲೇ ಬೊಬ್ಬೆ ಎದ್ದಿತ್ತು.

ಕರೆಂಟಕ್ಕ ಮತ್ತೆ ಒಳಗೆ ಹೋಗಿ ಹಲಗೆ ಬಿಚ್ಚಿ ನೋಡಿದಳು. ಆಮೇಲೆ ಎಲ್ಲರನ್ನೂ ಕರೆದು ತೋರಿಸಿದಳು. ಉದ್ದದ ಸ್ಕ್ರೂ ಹಲಗೆ ದಾಟಿ, ತಂತಿಯ ಮೈಯನ್ನು ಸೀಳಿಕೊಂಡು, ಗಾಡಿಯ ಕಬ್ಬಿಣದ ಪಟ್ಟಿಯವರೆಗೂ ಹೋಗಿತ್ತು. ಎರಡು ದಿನದ ಓಟದ ಕುಲುಕಾಟಕ್ಕೆ ಅದು ಸಡಿಲವಾಗಿತ್ತು. ಕೊಕ್ಕೆಗೆ ಭಾರ ಬಿದ್ದಾಗಲೆಲ್ಲ ಸ್ಕ್ರೂ ವಾಲಿ ತಂತಿಗೂ ಕಬ್ಬಿಣಕ್ಕೂ ಒಟ್ಟಿಗೆ ತಗಲುತ್ತಿತ್ತು. ಭಾರವಿಲ್ಲದಾಗ ಬಿಡುತ್ತಿತ್ತು.

"ಹದಿನೈದು ಇದ್ದಾಗ ಟಪ್ ಅಂತ ಹೋಗಿರುತ್ತೆ. ಕಾಪಾಡ್ತಾ ಇತ್ತು ಅದು. ಈ ಮೂವತ್ತು ಬಂದ್ಮೇಲೆ ಕರೆಂಟು ಹರೀತಾನೇ ಇತ್ತು, ತಂತಿ ಕಾದು ಹಲಗೆ ಹತ್ಕೊಂಡಿದೆ," ಎಂದಳು. ಅವಳ ಕೈಯಲ್ಲಿ ಮೈದಾನದ ರಿಜಿಸ್ಟರ್ ಇತ್ತು. ಬೆಂಕಿಯಾದರೆ ಬರೆಯಲೇಬೇಕೆಂಬ ನಿಯಮ. "ಕೊಕ್ಕೆ ಯಾರು ಹಾಕಿದ್ದು? ಫ್ಯೂಸ್ ಯಾರು ಹಾಕಿದ್ದು?"

ಡಾಕ್ಟರು ನಿಂತಿದ್ದರು. ಆ ಎರಡು ಮಕ್ಕಳು ನಿಂತಿದ್ದವು. ಆಚೆ ಈಚೆ ಗಾಡಿಯವರು ಏಳೆಂಟು ಜನ ಸೇರಿದ್ದರು. ಹೆಂಡತಿ ತಾಯಿಯ ಕೈ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮೇಷ್ಟ್ರು ಬಾಯಿ ತೆರೆದರು, ಬಂದದ್ದು ಈ ಮಾತು:

"ಹಿಂದಿನ ಮಾಲೀಕರು. ಕೊಕ್ಕೆ ನಾನು ಕೊಂಡಾಗಲೇ ಇತ್ತು. ಫ್ಯೂಸೂ ಅವರು ಡಬ್ಬಿಯಲ್ಲಿ ಹದಿನೈದರ ಜೊತೆ ಇಟ್ಟುಕೊಟ್ಟಿದ್ದು."

ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು, ಎಷ್ಟು ಸಲೀಸಾಗಿ ಬಂತು ಎಂದು. ಸುಳ್ಳು ಹೇಳುವ ಅಭ್ಯಾಸದವರಲ್ಲ ಅವರು. ತಲೆಯೆತ್ತಿದಾಗ ಅತ್ತೆಯ ಕಣ್ಣು ತಮ್ಮ ಮೇಲಿರುವುದು ಕಂಡಿತು. ಸ್ಕ್ರೂ ಹಿಡಿದು ಪಕ್ಕದಲ್ಲೇ ನಿಂತಿದ್ದ ಅತ್ತೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಮೇಷ್ಟ್ರು ಕಾದರು. ಅತ್ತೆ ಏನೂ ಹೇಳಲಿಲ್ಲ. ಕಣ್ಣು ಕೆಳಗೆ ಮಾಡಿ ತಮ್ಮ ಅಂಗೈ ನೋಡಿಕೊಳ್ಳತೊಡಗಿದರು. ಕರೆಂಟಕ್ಕ ರಿಜಿಸ್ಟರಿನಲ್ಲಿ ಬರೆದುಕೊಂಡಳು.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಹೆಂಡತಿ ನಿಲ್ಲಿಸಲಿಲ್ಲ.

"ಮನುಷ್ಯನಾ ಅವನು?" ಎಂದಳು, ನಡುಗುತ್ತ. "ನಗುನಗುತ್ತಾ ಗಾಡಿ ಕೊಟ್ನಲ್ಲ! ನನ್ನ ಅಮ್ಮ ಸುಟ್ಟುಹೋಗಿದ್ರೆ?" ಎಂದವಳೇ ಫೋನ್ ತೆಗೆದು ಒತ್ತಿದಳು. ಮೇಷ್ಟ್ರು, "ಈಗ ಬೇಡ ಬಿಡೇ, ಆಮೇಲೆ ಮಾತಾಡೋಣ," ಎಂದು ಕೈ ಚಾಚಿದರು. ಅವಳು ಕೈ ಕೊಡವಿದಳು. ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದಳು.

ಆಂಬುಲೆನ್ಸ್ ಡ್ರೈವರ್ ಮೊದಲು, "ಮೇಡಂ, ಚೆನ್ನಾಗಿದೀರಾ? ಗಾಡಿ ಹೇಗಿದೆ?" ಎಂದ. ಅವಳು ಬಾಯಿಗೆ ಬಂದಂತೆ ಬೈದಳು.

"ಅಮ್ಮ ಹೇಗಿದಾರೆ?" ಎಂದು ಕೇಳಿದ ಡ್ರೈವರ್. "ಉಸಿರಾಟ ಸರಿ ಇದೆಯಾ? ಮೇಡಂ, ನನಗೆ ಕೊಕ್ಕೆ ಹಾಕಿದ ನೆನಪಿಲ್ಲ. ಆದರೆ ಏಳು ವರ್ಷದ ಹಿಂದೆ ಅಲ್ಲೊಂದು ಸಣ್ಣ ಕಪಾಟು ಕೂರಿಸಿದ್ದೆ, ಆಮೇಲೆ ತೆಗೆದೆ. ಆಗೇನಾದ್ರೂ ನಾನೇ ಮಾಡಿ ಮರೆತಿದೀನೇನೋ. ಫ್ಯೂಸೂ ನಾನೇ... ಅದೇ ಮಂಚದಲ್ಲಿ ನನ್ನ ಮಕ್ಕಳು ಮಲಗ್ತಿದ್ರು ಮೇಡಂ. ಅಯ್ಯೋ. ನನ್ನ ತಪ್ಪೇ ಆಗಿದ್ರೆ ದಯವಿಟ್ಟು ಕ್ಷಮಿಸಿ. ಡ್ಯೂಟಿ ಮುಗಿಸಿ ಬೆಳಿಗ್ಗೆ ನಾನೇ ಅಲ್ಲಿಗೆ ಬರ್ತೀನಿ. ಅಮ್ಮನ್ನ ನೋಡ್ಬೇಕು."

ಮೇಷ್ಟ್ರು ಕೇಳುತ್ತ ನಿಂತಿದ್ದರು. ಇನ್ನೆರಡು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಆ ಮನುಷ್ಯ ಮಾಡದ ತಪ್ಪನ್ನು ತಾನಾಗಿಯೇ ಹೊತ್ತುಕೊಳ್ಳುತ್ತಿದ್ದ; ಸುಳ್ಳು ನಿಜವಾಗುವುದಕ್ಕೆ ಇನ್ನೇನೂ ಬೇಕಿರಲಿಲ್ಲ. ಮೇಷ್ಟ್ರು ಅತ್ತೆಯ ಕಡೆ ನೋಡಿದರು. ಅತ್ತೆ ಸಿಮೆಂಟು ಮೇಜಿನ ಪಕ್ಕ, ಎಲ್ಲರ ನಡುವೆ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ಕೂತಿದ್ದರು.

"ಫೋನ್ ಕೊಡು," ಎಂದರು ಮೇಷ್ಟ್ರು.

"ನೀವು ಮಧ್ಯ ಬರಬೇಡಿ, ನಾನು ಮಾತಾಡ್ತಿದೀನಿ."

"ಕೊಡೇ." ಕಿತ್ತುಕೊಂಡಂತೆಯೇ ತೆಗೆದುಕೊಂಡರು. "ಹಲೋ. ನಾನು ಮೇಷ್ಟ್ರು. ನೋಡಿ, ಆ ಕೊಕ್ಕೆ ನಾನು ಹಾಕಿದ್ದು. ಹೋದ ವಾರ. ಫ್ಯೂಸ್ ಕೂಡ ನಾನೇ, ಇವತ್ತು ಬೆಳಿಗ್ಗೆ. ನಿಮ್ಮದು ಏನೂ ಇಲ್ಲ. ನಾನು ಸುಳ್ಳು ಹೇಳಿದೆ. ಇಲ್ಲಿ ಎಲ್ಲರ ಮುಂದೆ ಸುಳ್ಳು ಹೇಳಿದೆ."

ಫೋನಿನಿಂದ ಒಂದು ಉದ್ದನೆಯ ಉಸಿರು ಕೇಳಿಸಿತು.

"ನನ್ನ ಮಕ್ಕಳು ಕಣ್ಮುಂದೆ ಬಂದುಬಿಟ್ರು ಸರ್," ಎಂದ ಡ್ರೈವರ್. ಬೈಯುತ್ತಾನೆಂದು ಮೇಷ್ಟ್ರು ಕಾದರು. ಅವನು ಬೈಯಲಿಲ್ಲ. "ಅಮ್ಮನ ಕೈ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಬಿಡಿ. ಐಸ್ ಇಡಬೇಡಿ. ಬೊಬ್ಬೆ ಒಡೀಬೇಡಿ. ಹೊಗೆ ಕುಡಿದಿದಾರೆ, ಒಂದ್ಸಲ ಡಾಕ್ಟರ ಹತ್ರ ತೋರಿಸಿ." ಅಷ್ಟು ಹೇಳಿ ಫೋನ್ ಇಟ್ಟ.

ಮೇಷ್ಟ್ರು ಕರೆಂಟಕ್ಕನ ಕಡೆ ತಿರುಗಿದರು. "ಬರೆದಿದ್ದು ಹೊಡೆದುಹಾಕಿ. ನಾನೇ ಬರೀತೀನಿ." ಅವಳು ಪೆನ್ನು ಕೊಟ್ಟಳು. ಕಪ್ಪು ಹಲಗೆಯ ಮೇಲೆ ಬರೆದು ರೂಢಿಯಾದ ದುಂಡು ಅಕ್ಷರಗಳಲ್ಲಿ ಮೇಷ್ಟ್ರು ಬರೆದರು: ಉದ್ದದ ಸ್ಕ್ರೂ ಹಾಕಿ ತಂತಿ ಸೀಳಿದವನು ನಾನು. ಹದಿನೈದರ ಜಾಗದಲ್ಲಿ ಮೂವತ್ತು ಹಾಕಿದವನು ನಾನು. ಚೀಲ ಹಾಕಿದಾಗ ಫ್ಯೂಸ್ ಹೋಗುತ್ತದೆ ಎಂದು ಅತ್ತೆ ಮೊದಲೇ ಹೇಳಿದ್ದರು. ಮೂರನೆಯ ಸಾಲನ್ನು ಯಾರೂ ಕೇಳಿರಲಿಲ್ಲ. ಕೆಳಗೆ ಸಹಿ ಮಾಡಿದರು.

ಜನ ಒಬ್ಬೊಬ್ಬರೇ ಕರಗಿದರು. ಡಾಕ್ಟರು ಅತ್ತೆಯ ಕೈಗೆ ನಲ್ಲಿಯ ತಣ್ಣೀರು ಬಿಟ್ಟು ಬಟ್ಟೆ ಸುತ್ತಿದರು, ಮೇಷ್ಟ್ರ ಮುಖ ಮಾತ್ರ ನೋಡಲಿಲ್ಲ. ಗಾಡಿಯ ಪಂಪು ಸತ್ತಿದ್ದರಿಂದ ಮೇಷ್ಟ್ರು ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತರು. ಬೇಡ ಎನ್ನುವವರಿಲ್ಲ, ಸಾಕು ಎನ್ನುವವರಿಲ್ಲ. ಐದು ಬಕೆಟ್ ತಂದಿಟ್ಟರು. ಸಂಜೆ ಹೆಂಡತಿ ಪಾತ್ರೆ ಒರೆಸುತ್ತ ಒಂದೇ ಮಾತು ಆಡಿದಳು:

"ಅಮ್ಮನ ಚೀಲ ಸುರಿಸಿ ನೋಡಿದ್ರಲ್ಲ ನೀವು."

ಬೆಂಕಿಗೆ, ಸುಳ್ಳಿಗೆ ಮೇಷ್ಟ್ರು ಏನಾದರೂ ಸಮಜಾಯಿಷಿ ಹೇಳುತ್ತಿದ್ದರೇನೋ. ಇದನ್ನು ಕೇಳಿ ಅವರು ಖಾಲಿ ಬಕೆಟ್ ಎತ್ತಿಕೊಂಡು ಮತ್ತೆ ನಲ್ಲಿಯ ಕಡೆ ನಡೆದರು.

ಬೆಳಿಗ್ಗೆ ಅತ್ತೆ ಸೀರೆ ಉಟ್ಟು, ತಲೆ ಬಾಚಿ ತಯಾರಾಗಿ ಕೂತಿದ್ದರು. "ನಾನು ಚಿಕ್ಕವಳ ಮನೆಗೆ ಹೋಗ್ತೀನಿ," ಎಂದರು. ಕಿರಿಯ ಮಗಳ ಊರಿಗೆ ಆ ರಸ್ತೆಯಿಂದಲೇ ನೇರ ಬಸ್ಸಿತ್ತು. ಹೆಂಡತಿ ಜೊತೆಗೆ ಹೊರಟಳು. ಮೇಷ್ಟ್ರು ಗಾಡಿಯ ಬಳಿ ಉಳಿಯಬೇಕಿತ್ತು; ಆದರೂ ಬಸ್ ನಿಲ್ದಾಣದವರೆಗೆ ಸಾಮಾನು ಹೊತ್ತು ಬಂದರು. ಹೆಂಡತಿ ಟಿಕೆಟ್ಟಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಳು. ಬೆಂಚಿನ ಮೇಲೆ ಅತ್ತೆ, ಅಳಿಯ ಇಬ್ಬರೇ ಕೂತರು.

"ಅತ್ತೆ, ನನ್ನಿಂದ ದೊಡ್ಡ ತಪ್ಪಾಯ್ತು," ಎಂದರು ಮೇಷ್ಟ್ರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಇದೊಂದೇ ಹೊರಗೆ ಬಂತು.

ಅತ್ತೆ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ನೀವು ಸುಳ್ಳು ಹೇಳಿದಾಗ ನನಗೆ ಸಿಟ್ಟು ಬರ್ಲಿಲ್ಲ ಅಳಿಯಂದ್ರೇ. ನನಗೆ ನಾಚಿಕೆಯಾಗಿದ್ದು ನನ್ನ ಬಗ್ಗೆ. ಆ ಡ್ರೈವರು ಅಳೋ ಹಾಗೆ ಮಾತಾಡ್ತಿದ್ದ, ನಾನು ಬಾಯಿ ಮುಚ್ಕೊಂಡು ಕೂತಿದ್ದೆ. ಯಾಕೆ ಹೇಳಿ? ಈಗ ನಿಜ ಹೇಳಿದ್ರೆ ನಾಳೆ ಯಾರ ಮನೇಲಿ ಇರೋದು ಅಂತ ಯೋಚನೆ ಮಾಡ್ತಿದ್ದೆ. ಗಿರಣೀಲಿ ಮ್ಯಾನೇಜರ್ ಎದುರಿಗೇ, ಈ ಬಟ್ಟೆ ಸರಿ ಇಲ್ಲ ಅಂತ ಎತ್ತಿ ತೋರಿಸ್ತಿದ್ದೆ ನಾನು. ಹೀಗೆ ಯಾವಾಗ ಆದೆ ಅಂತ ನನಗೇ ಗೊತ್ತಾಗ್ಲಿಲ್ಲ."

ಮೇಷ್ಟ್ರು ತಲೆ ಎತ್ತಲಿಲ್ಲ. ಹನ್ನೊಂದು ವರ್ಷ ಅತ್ತೆ ರಿಮೋಟ್ ಸರಿಸಿದ್ದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು.

ಬಸ್ಸು ಬಂತು. ಅತ್ತೆಗೆ ಮೆಟ್ಟಿಲು ಎತ್ತರವಾಯಿತು. ಮೇಷ್ಟ್ರು ಕೈ ಕೊಟ್ಟರು. ಅತ್ತೆ ಒಂದು ಕ್ಷಣ ತಡೆದು, ಎಡಗೈಯಿಂದ ಬಾಗಿಲ ಕಂಬಿ ಹಿಡಿದು ತಾವೇ ಹತ್ತಿದರು.

ಹೆಂಡತಿ ನಾಲ್ಕು ದಿನ ಬಿಟ್ಟು ಮನೆಗೆ ಬಂದಳು, ಅತ್ತೆ ಬರಲಿಲ್ಲ. ಮೇಷ್ಟ್ರು ಗಾಡಿಯ ಹಲಗೆಗಳನ್ನೆಲ್ಲ ಬಿಚ್ಚಿ, ತಾವು ಹಾಕಿದ ಒಂದೊಂದು ಸ್ಕ್ರೂವನ್ನೂ ತೆಗೆದು ನೋಡಿದರು. ಇನ್ನೂ ಎರಡು ಕಡೆ ತಂತಿಯ ಪಕ್ಕದಲ್ಲೇ, ಕೂದಲೆಳೆಯಷ್ಟು ಅಂತರದಲ್ಲಿ ಹಾದುಹೋಗಿದ್ದವು. ಅದನ್ನು ಹೆಂಡತಿಯನ್ನು ಕರೆದು ತೋರಿಸಿದರು. ತೋರಿಸದೆ ಮುಚ್ಚಿಬಿಡಬೇಕೆಂದು ಒಂದು ಗಳಿಗೆ ಅನ್ನಿಸಿದ್ದನ್ನೂ ಹೇಳಿದರು. ಅವಳು, "ಹ್ಞೂಂ," ಎಂದಳು. ಆ ರಾತ್ರಿಯ ಊಟವನ್ನು ತಾನೇ ಬಡಿಸಿದಳು.

ಭಾನುವಾರ ಭಾನುವಾರ ಮೇಷ್ಟ್ರು ಅತ್ತೆಗೆ ಫೋನ್ ಮಾಡುತ್ತಿದ್ದರು. "ಚೆನ್ನಾಗಿದೀನಪ್ಪ, ಅವಳಿಗೆ ಕೊಡಿ," ಎನ್ನುತ್ತಿದ್ದರು ಅತ್ತೆ. ಎರಡು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ಮಾತ್ರ, "ಅಳಿಯಂದ್ರೇ, ಇಲ್ಲಿ ಅಡುಗೆಮನೆ ದೀಪ ಆಗಾಗ ಮಿಣುಕುತ್ತೆ. ಬಿಡುವಿದ್ದಾಗ ಬಂದು ನೋಡ್ತೀರಾ?" ಎಂದರು.

ಮೇಷ್ಟ್ರು ಮರುದಿನವೇ ಹೊರಟರು. ಕಿರಿಯ ಮಗಳೂ ಅವಳ ಗಂಡನೂ ಕೆಲಸಕ್ಕೆ ಹೋಗಿದ್ದರು. ಅತ್ತೆ ಬಾಗಿಲು ತೆಗೆದು ಅಡುಗೆಮನೆ ತೋರಿಸಿದರು. ಅಂಗೈಯ ಗಾಯ ಮಾಗಿ, ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಮೇಷ್ಟ್ರು ಟೆಸ್ಟರನ್ನು ಜೇಬಿನಿಂದ ತೆಗೆಯಲಿಲ್ಲ. ಮೇಜಿನ ಮುಂದೆ ಕೂತು ಒಂದು ಕಾಗದ ತೆಗೆದುಕೊಂಡರು.

"ಯಾವ್ಯಾವಾಗ ಮಿಣುಕುತ್ತೆ ಅತ್ತೆ? ನೀವು ನೋಡಿದ್ದೆಲ್ಲ ಹೇಳಿ."

ಅತ್ತೆ ಎದುರಿಗೆ ಕೂತು ಹೇಳತೊಡಗಿದರು. ಮೇಲಿನ ಮನೆಯವರು ಬಟ್ಟೆ ಒಗೆಯುವಾಗ ಒಂದು ತರಹ, ಫ್ರಿಜ್ಜು ಶುರುವಾಗುವಾಗ ಇನ್ನೊಂದು ತರಹ, ಗಾಳಿಯಿರುವ ದಿನ ಹೆಚ್ಚು, ಬುಧವಾರ ಒಂದು ಸಲವೂ ಇಲ್ಲ. ಹತ್ತು ನಿಮಿಷವಾದರೂ ಮುಗಿಯಲಿಲ್ಲ. ಮೇಷ್ಟ್ರು ಮಧ್ಯೆ ಬಾಯಿ ಹಾಕಲಿಲ್ಲ. ಕಾಗದ ತುಂಬಿದ ಮೇಲೆ ಮಗುಚಿ ಹಿಂದಿನ ಪುಟದಲ್ಲಿ ಬರೆದರು.

ಆಮೇಲೆ ಇಬ್ಬರೂ ದೀಪ ನೋಡುತ್ತ ಕಾದರು. ಅತ್ತೆ ಚಹಾ ಮಾಡಿದರು, ಕುಡಿದರು, ಮತ್ತೆ ಕಾದರು. ಅವತ್ತು ದೀಪ ಒಂದು ಸಲವೂ ಮಿಣುಕಲಿಲ್ಲ.

"ನಾನೇನೂ ಸುಳ್ಳು ಹೇಳ್ತಿಲ್ಲ," ಎಂದರು ಅತ್ತೆ, ಬಸ್ಸಿನ ಹೊತ್ತಾದಾಗ.

"ಗೊತ್ತು ಅತ್ತೆ," ಎಂದರು ಮೇಷ್ಟ್ರು. "ನಾಳೆ ಮತ್ತೆ ಬರ್ತೀನಿ."